ಬುದ್ಧಿ ಹೇಳಿ ಕಳುಹಿಸಿದ ಮೇಲೆ

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುವ ಒಂದು ಬಗೆಯ ಸುದ್ದಿಯನ್ನು ಕೊನೆಯ ಸಾಲಿನ ತನಕ ಓದುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಗೃಹಿಣಿಯ ಅನುಮಾನಾಸ್ಪದ ಸಾವು, ಗಂಡ ಪೊಲೀಸರ ವಶಕ್ಕೆ. ಮದುವೆಯಾಗಿ ನಾಲ್ಕೋ ಐದೋ ವರ್ಷ, ಒಂದು ಮಗು, ಪಾಸ್‌ಪೋರ್ಟ್ ಸೈಜಿನ ಒಂದು ಫೋಟೊ. ಕೊನೆಯ ಪ್ಯಾರಾದಲ್ಲಿ ಅವಳ ಅಪ್ಪ ಕೊಟ್ಟ ದೂರಿನ ಸಾರಾಂಶ ಇರುತ್ತದೆ. ಊರು ಬೇರೆ, ಜಾತಿ ಬೇರೆ, ಪತ್ರಿಕೆ ಬೇರೆ. ಮಾತು ಮಾತ್ರ ಹೆಚ್ಚುಕಡಿಮೆ ಒಂದೇ. ಗಂಡನ ಮನೆಯವರು ಹೊಡೆದು ಹಿಂಸೆ ಕೊಡುತ್ತಾರೆಂದು ಮಗಳು ಹಲವು ಸಲ ತವರಿಗೆ ಬಂದಿದ್ದಳು, ಹಿರಿಯರ ಸಮ್ಮುಖದಲ್ಲಿ ರಾಜಿ ಪಂಚಾಯಿತಿ ಮಾಡಿ, ಇಬ್ಬರಿಗೂ ಬುದ್ಧಿ ಹೇಳಿ ಕಳುಹಿಸಲಾಗಿತ್ತು.

ಇಬ್ಬರಿಗೂ. ಹೊಡೆದವನಿಗೂ, ಹೊಡೆಸಿಕೊಂಡವಳಿಗೂ.

ಈ ಸಾಲು ದೂರಿನಲ್ಲಿ ಬರುವುದಕ್ಕೆ ಕಾನೂನಿನ ಕಾರಣವೂ ಇದೆ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ಸಾಬೀತಾದರೆ ಅದನ್ನು ವರದಕ್ಷಿಣೆ ಸಾವು ಎಂದೇ ನ್ಯಾಯಾಲಯ ಭಾವಿಸುತ್ತದೆ. 1986ರಲ್ಲಿ ಐಪಿಸಿಗೆ ಸೇರಿದ 304ಬಿ ಅದು, ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 80. ಹಾಗಾಗಿ ‘ಮಗಳು ನಮ್ಮ ಹತ್ತಿರ ಹೇಳಿಕೊಂಡಿದ್ದಳು’ ಎಂಬ ಹೆತ್ತವರ ಮಾತೇ ಎಷ್ಟೋ ಕೇಸುಗಳಲ್ಲಿ ಮುಖ್ಯ ಸಾಕ್ಷ್ಯ. ಹೇಳಿಕೊಂಡಾಗ ನೀವೇನು ಮಾಡಿದಿರಿ ಎಂದು ಪೊಲೀಸರು ಕೇಳುವುದಿಲ್ಲ, ಸಂತಾಪಕ್ಕೆ ಬಂದವರು ಕೇಳುವುದಿಲ್ಲ. ಕೇಳುವವನು ಆರೋಪಿಯ ಕಡೆಯ ವಕೀಲ. ಪಾಟೀಸವಾಲಿನಲ್ಲಿ ಎದ್ದುನಿಂತು, ಅಷ್ಟೊಂದು ಹಿಂಸೆ ಇದ್ದಿದ್ದರೆ ನೀವ್ಯಾಕೆ ಅವಳನ್ನು ಮತ್ತೆ ಮತ್ತೆ ಅಲ್ಲಿಗೇ ಕಳಿಸಿದಿರಿ ಎನ್ನುತ್ತಾನೆ. ಮಗಳನ್ನು ಕಳೆದುಕೊಂಡ ಅಪ್ಪ ಕಟಕಟೆಯಲ್ಲಿ ನಿಂತು ಅದಕ್ಕೆ ಉತ್ತರ ಹುಡುಕಬೇಕು.

ಕೌಟುಂಬಿಕ ಹಿಂಸೆಯ ಮಾತು ಬಂದಾಗಲೆಲ್ಲ ನಾವು ಗಂಡನನ್ನು ನೋಡುತ್ತೇವೆ, ಅತ್ತೆಯನ್ನು ನೋಡುತ್ತೇವೆ, ಕುಡಿತವನ್ನು ನೋಡುತ್ತೇವೆ. ನೋಡಲೇಬೇಕು, ಕೈ ಎತ್ತಿದವನದೇ ಅಪರಾಧ, ಅದರಲ್ಲಿ ಯಾರಿಗೂ ಪಾಲು ಕೊಡಲು ನಾನು ತಯಾರಿಲ್ಲ. ಆದರೆ ಮೊದಲ ಏಟಿಗೂ ಪತ್ರಿಕೆಯ ಆ ಸುದ್ದಿಗೂ ನಡುವೆ ಒಂದು ದಿನ ಬಂದಿರುತ್ತದೆ. ಅವಳು ಮಗುವನ್ನೆತ್ತಿಕೊಂಡು ತವರಿನ ಹೊಸ್ತಿಲು ತುಳಿದ ದಿನ. ಆ ದಿನ ಏನಾಯಿತು ಎಂಬುದೇ ನನ್ನನ್ನು ಕಾಡುತ್ತಿರುವುದು.

ನಡುಮನೆಯ ಪಂಚಾಯಿತಿ

ನಾನಾಗ ಹೈಸ್ಕೂಲಿನಲ್ಲಿದ್ದೆ. ಬೇಸಿಗೆ ರಜಕ್ಕೆ ತಿಪಟೂರು ಕಡೆಯ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಒಂದು ದಿನ ಬೆಳಗಿನ ಮೊದಲ ಬಸ್ಸಿಗೆ ಅಕ್ಕ ಬಂದಳು, ದೊಡ್ಡಪ್ಪನ ಹಿರಿಮಗಳು. ಕಂಕುಳಲ್ಲಿ ಮಗ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ದೊಡ್ಡಮ್ಮ ಏನೂ ಕೇಳದೆ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಬಲಗೈ ಮುಂಗೈಯ ತನಕ ಊದಿ, ಗಾಜಿನ ಬಳೆಗಳು ಚರ್ಮಕ್ಕೆ ಕಚ್ಚಿಕೊಂಡಿದ್ದವು. ದೊಡ್ಡಮ್ಮ ಸೋಪಿನ ನೊರೆ ಹಚ್ಚಿ ಒಂದೊಂದೇ ಬಳೆಯನ್ನು ಜಾರಿಸಿ ತೆಗೆದರು. ಎರಡು ಬರಲೇ ಇಲ್ಲ, ಬಟ್ಟೆ ಸುತ್ತಿ ಒಡೆಯಬೇಕಾಯಿತು. ಅಕ್ಕ ಅಳಲಿಲ್ಲ. ಮಗ ಹೊಸ್ತಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅಮ್ಮನ ಕೈಯನ್ನು ನೋಡುತ್ತಿರಲಿಲ್ಲ, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. ಮೂರು ವರ್ಷದ ಕೂಸು ಅದನ್ನು ಆಗಲೇ ಕಲಿತಿತ್ತು.

ವಾರದೊಳಗೆ ಪಂಚಾಯಿತಿ ಸೇರಿತು. ಭಾವನ ಜೊತೆ ಅವರ ಚಿಕ್ಕಪ್ಪ, ಅವರೂರಿನ ಒಬ್ಬ ಮೇಷ್ಟ್ರು. ನಮ್ಮ ಕಡೆಯಿಂದ ದೊಡ್ಡಪ್ಪ, ಅಕ್ಕನ ಸೋದರಮಾವ, ಊರಿನ ಇಬ್ಬರು ಹಿರಿಯರು. ನಡುಮನೆಯಲ್ಲಿ ಚಾಪೆ ಹಾಸಿ, ಎಲೆ ಅಡಿಕೆ ತಟ್ಟೆ ಇಟ್ಟಿದ್ದರು. ಮೊದಲು ಕೊಬ್ಬರಿ ರೇಟಿನ ಮಾತಾಯಿತು, ಬೋರ್‌ವೆಲ್ಲಿನ ಮಾತಾಯಿತು. ಆಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. ಹೊಡೆದದ್ದು ಯಾಕೆಂದರೆ ಇವಳು ಅತ್ತೆಗೆ ಎದುರುತ್ತರ ಕೊಟ್ಟಳಂತೆ. ಅಲ್ಲಿಂದ ಮುಂದೆ ಮಾತೆಲ್ಲ ಎದುರುತ್ತರದ್ದೇ ಆಯಿತು. ಏನಂದಳು, ಯಾವ ದನಿಯಲ್ಲಿ ಅಂದಳು, ಅತ್ತೆ ಮೊದಲು ಏನಂದಿದ್ದರು. ಕೈಯ ವಿಷಯವನ್ನು ಯಾರೂ ಎತ್ತಲಿಲ್ಲ. ‘ಅವನು ಮಾಡಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಇವಳೂ ಸ್ವಲ್ಪ ಬಾಯಿ ಕಡಿಮೆ ಮಾಡ್ಕೋಬೇಕು’ ಎಂದು ಸೋದರಮಾವನೇ ಹೇಳಿದ. ಭಾವ ತಲೆ ತಗ್ಗಿಸಿಕೊಂಡು, ಮಂಜುನಾಥನ ಆಣೆ, ಇನ್ಮೇಲೆ ಕೈ ಎತ್ತಲ್ಲ ಎಂದರು. ಎಲ್ಲ ಮುಗಿದ ಮೇಲೆ ಹಿರಿಯರು ಅಕ್ಕನ ಕಡೆ ತಿರುಗಿದರು. ‘ಏನಮ್ಮ, ಹೋಗ್ತೀಯ ತಾನೆ?’ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ದೊಡ್ಡಪ್ಪನನ್ನು ನೋಡಿದಳು. ದೊಡ್ಡಪ್ಪ ಅಡಿಕೆ ಕತ್ತರಿಸುತ್ತಿದ್ದರು. ಅವಳು ‘ಹೂಂ’ ಎಂದಳು.

ಮಾರನೇ ದಿನ ಶುಕ್ರವಾರ, ಮನೆಮಗಳನ್ನು ಕಳಿಸಬಾರದೆಂದು ಶನಿವಾರಕ್ಕೆ ಮುಂದೆ ಹಾಕಿದರು. ಬಳೆಗಾರನನ್ನು ಕರೆಸಿದರು. ಊತ ಪೂರ್ತಿ ಇಳಿದಿರಲಿಲ್ಲ, ಅದಕ್ಕೆ ಒಂದು ಅಳತೆ ದೊಡ್ಡ ಬಳೆ ತೊಡಿಸಿದರು, ಹಸಿರು ಗಾಜಿನವು. ಮಣೆ ಮೇಲೆ ಕೂರಿಸಿ ಮಡಿಲಕ್ಕಿ ಹಾಕಿದರು. ಅಕ್ಕಿ, ಎರಡು ಬಟ್ಟಲು ಕೊಬ್ಬರಿ, ಬೆಲ್ಲದ ಅಚ್ಚು, ಎಲೆ ಅಡಿಕೆ, ರವಿಕೆ ಕಣ. ದೊಡ್ಡಮ್ಮ ಅಳುತ್ತಲೇ ಒಂದಕ್ಕೂ ಲೋಪ ಬಾರದಂತೆ ಎಲ್ಲ ಮಾಡಿದರು. ಆ ಮನೆಯಲ್ಲಿ ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಇತ್ತು. ಇದ್ದೂ ಕಳಿಸಿದರು. ಆಣೆ ಎಷ್ಟು ದಿನ ಉಳಿಯಿತು ಎಂದು ಬರೆಯುವ ಅಗತ್ಯವಿಲ್ಲ.

ಅಕ್ಕ ಸಾಯಲಿಲ್ಲ. ಹಾಗಾಗಿ ಅವಳ ಬಗ್ಗೆ ಎಲ್ಲೂ ಸುದ್ದಿ ಬರಲಿಲ್ಲ. ಈಗಲೂ ಫೋನು ಬಂದರೆ ಬಲಗಿವಿಗೇ ಹಿಡಿಯುತ್ತಾಳೆ, ಎಡಗಿವಿಯ ತಮಟೆ ಯಾವತ್ತೋ ಒಂದು ಕಪಾಳಮೋಕ್ಷಕ್ಕೆ ಹರಿದುಹೋಗಿದೆ. ಮದುವೆಮನೆಯಲ್ಲಿ ಎಡಗಡೆ ಕೂತವರು ಮಾತಾಡಿಸಿದರೆ ಸುಮ್ಮನೆ ನಗುತ್ತಾಳೆ. ಜೋರು ದನಿ ಕೇಳಿದರೆ, ಟೀವಿಯಲ್ಲಿ ಕೇಳಿದರೂ, ಕೈಯಲ್ಲಿರುವುದನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಾಳೆ. ಯಾವ ಪೊಲೀಸ್ ದಾಖಲೆಯಲ್ಲೂ ಇಲ್ಲದ, ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆದಿಲ್ಲದ ಗಾಯ ಅದು.

ನಲವತ್ತನಾಲ್ಕು

ಅಕ್ಕನಂಥವರು ಎಷ್ಟು ಜನ ಎನ್ನುವುದಕ್ಕೆ ನಮ್ಮಲ್ಲಿರುವ ದೊಡ್ಡ ಅಂದಾಜು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯದು. 2019-21ರ ಐದನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ಸರಾಸರಿ ಶೇ 29.3. ಇಡೀ ದೇಶದಲ್ಲಿ ನಮ್ಮದೇ ಅತಿ ಹೆಚ್ಚು. ಅದಕ್ಕೂ ಹಿಂದಿನ ಸುತ್ತಿನಲ್ಲಿ, 2015-16ರಲ್ಲಿ, ನಮ್ಮ ರಾಜ್ಯದ ಅಂಕಿ ಶೇ 20.6 ಇತ್ತು. ಈ ಏರಿಕೆಯ ಮಾತು ಬಂದಾಗ ಲಾಕ್‌ಡೌನ್ ಪರಿಣಾಮ ಎಂದು ತಳ್ಳಿಹಾಕುವವರನ್ನು ಕಂಡಿದ್ದೇನೆ. ಕರ್ನಾಟಕದಲ್ಲಿ ಆ ಸಮೀಕ್ಷೆ ಕೊರೊನಾ ಕಾಲಿಡುವ ಮುಂಚೆ, 2019ರಲ್ಲೇ ಮುಗಿದಿತ್ತು. ಏರಿಕೆಯಲ್ಲಿ ಹೊಡೆತ ಹೆಚ್ಚಿದ್ದೆಷ್ಟು, ಹೆಂಗಸರು ಬಾಯಿಬಿಟ್ಟದ್ದು ಹೆಚ್ಚಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಅದೂ ಸುತ್ತ ಯಾರೂ ಇಲ್ಲದಿದ್ದರೆ ಮಾತ್ರ ಕೇಳುತ್ತಾರೆ. ಅಡುಗೆಮನೆಯಿಂದ ಅತ್ತೆ ಇಣುಕಿದರೆ ವಿಷಯ ಬದಲಿಸಬೇಕು. ಅಷ್ಟು ಎಚ್ಚರದಲ್ಲಿ, ಅಪರಿಚಿತಳೊಬ್ಬಳ ಮುಂದೆ, ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ‘ಹೌದು’ ಎಂದಿದ್ದಾರೆ.

ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ ನನಗೆ ಆ ನಡುಮನೆಯನ್ನೇ ನೆನಪಿಗೆ ತರುತ್ತದೆ. ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಏಳು ಕಾರಣಗಳನ್ನು ಮುಂದಿಟ್ಟು ಕೇಳುತ್ತಾರೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ವಾದಿಸಿದರೆ, ಹಾಸಿಗೆಗೆ ಬರಲ್ಲ ಎಂದರೆ, ಅಡುಗೆ ಕೆಟ್ಟರೆ, ನಡತೆಯ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಅಗೌರವ ತೋರಿದರೆ. ಕರ್ನಾಟಕದ ಶೇ 76.9ರಷ್ಟು ಹೆಂಗಸರು, ಶೇ 81.9ರಷ್ಟು ಗಂಡಸರು ಇವುಗಳಲ್ಲಿ ಒಂದಕ್ಕಾದರೂ ಹೊಡೆಯಬಹುದು ಎಂದರು. ಹಿಮಾಚಲ ಪ್ರದೇಶದಲ್ಲಿ ಇದು ಹೆಂಗಸರಲ್ಲೂ ಗಂಡಸರಲ್ಲೂ ಶೇ 15ರ ಒಳಗಿದೆ. ಹಾಗಾಗಿ ಇದು ಇಡೀ ದೇಶದ ಗುಣ, ಕಾಲದ ಗುಣ ಎಂದು ಕೈತೊಳೆದುಕೊಳ್ಳುವಂತಿಲ್ಲ. ದೇಶದ ಮಟ್ಟದಲ್ಲಿ ಜನ ಹೆಚ್ಚು ಒಪ್ಪುವ ಕಾರಣ ಯಾವುದು ಗೊತ್ತೆ? ಅತ್ತೆ ಮಾವನಿಗೆ ಅಗೌರವ ತೋರಿದ್ದು. ನಮ್ಮ ನಡುಮನೆಯಲ್ಲಿ ಒಂದಿಡೀ ಮಧ್ಯಾಹ್ನ ಚರ್ಚೆಯಾದದ್ದೂ ಅದೇ.

ಇನ್ನೊಂದು ಅಂಕಿ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ಶೇ 14 ಮಾತ್ರ. ಶೇ 77ರಷ್ಟು ಜನ ಸಹಾಯ ಕೇಳುವುದಿರಲಿ, ಯಾರ ಹತ್ತಿರವೂ ಬಾಯಿಯೇ ಬಿಟ್ಟಿಲ್ಲ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ಹೆತ್ತವರ ಮನೆಗೆ. ಪೊಲೀಸರು, ವಕೀಲರು, ವೈದ್ಯರ ತನಕ ಹೋದವರು ತೀರಾ ಕಡಿಮೆ. ಅಂದರೆ ಮಗುವನ್ನೆತ್ತಿಕೊಂಡು ಬೆಳಗಿನ ಬಸ್ಸಿಗೆ ಬಂದವಳು ಸಣ್ಣ ವಿಷಯಕ್ಕೆ ಮುನಿಸಿಕೊಂಡು ಬಂದವಳಲ್ಲ. ಉಳಿದವರೆಲ್ಲ ಹಲ್ಲು ಕಚ್ಚಿ ನುಂಗಿದ್ದನ್ನು ನುಂಗಲಾರದೆ, ನಾಚಿಕೆ ಬಿಟ್ಟು, ಬಸ್‌ಚಾರ್ಜು ಹೊಂದಿಸಿಕೊಂಡು ಬಂದವಳು. ಅವಳನ್ನು ವಾಪಸ್ ಕಳಿಸಿದರೆ ಮುಂದಿನ ಸಲ ಹೇಳಲು ಅವಳಿಗೆ ಜಾಗವೇ ಉಳಿಯುವುದಿಲ್ಲ. ಗಂಡನಿಗೂ ಅದು ಅಂದೇ ಗೊತ್ತಾಗಿಬಿಡುತ್ತದೆ. ಪಂಚಾಯಿತಿಯಿಂದ ಅವನು ಕಲಿಯುವ ಬುದ್ಧಿ ಅದೊಂದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಯಾಕೆ ಕಳಿಸುತ್ತಾರೆ

ಅಪ್ಪ ಅಮ್ಮಂದಿರು ಕಟುಕರಲ್ಲ. ಕಾರಣಗಳು ನಮಗೆಲ್ಲ ಗೊತ್ತಿರುವವೇ. ಅವಳ ಹಿಂದೆ ಇನ್ನೊಬ್ಬಳು ಮದುವೆಗಿದ್ದಾಳೆ. ಇವಳ ಮದುವೆಗೆ ಮಾಡಿದ ಸಾಲವೇ ತೀರಿಲ್ಲ. ಊರಿನ ಬಾಯಿ ಮುಚ್ಚಿಸುವವರು ಯಾರು? ಇದಕ್ಕೆಲ್ಲ ಅಡಿಪಾಯದಂತೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ. ಆದರೆ ಮಾನ ಮರ್ಯಾದೆಯ ಮಾತಿನ ಕೆಳಗೆ ಒಂದು ಸೀದಾ ಸಾದಾ ಪ್ರಶ್ನೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಈ ಮನೆ ಯಾರದು? ಅವಳು ಎರಡು ತಿಂಗಳು ಉಳಿದರೆ ನೆಂಟಳು, ಎರಡು ವರ್ಷ ಉಳಿದರೆ ಏನು?

ಉಪನೋಂದಣಾಧಿಕಾರಿ ಕಚೇರಿಗೆ ಬೇರೆ ಕೆಲಸಕ್ಕೆ ಹೋದಾಗ ಕಂಡದ್ದು. ಮೂವರು ಅಕ್ಕತಂಗಿಯರು ಹೊಸ ಸೀರೆ ಉಟ್ಟು ಬೆಂಚಿನ ಮೇಲೆ ಕೂತಿದ್ದರು, ಅಣ್ಣ ಕೊಡಿಸಿದ ಸೀರೆ. ಪತ್ರ ಬರಹಗಾರ ಪುಟ ತಿರುವಿ ಸಹಿ ಹಾಕಿಸುತ್ತಿದ್ದ. ಹಕ್ಕು ಬಿಡುಗಡೆ ಪತ್ರ. ಅಪ್ಪ ತೀರಿಕೊಂಡ ಮೇಲೆ ಜಮೀನಿನಲ್ಲಿ ತಮಗೆ ಬರುವ ಪಾಲನ್ನು ಅಣ್ಣನ ಹೆಸರಿಗೆ ಬಿಟ್ಟುಕೊಡುವ ಪತ್ರ. ಹಿರಿಯವಳ ಹೆಬ್ಬೆರಳ ಗುರುತನ್ನು ಮಿಷನ್ನು ತೆಗೆದುಕೊಳ್ಳಲಿಲ್ಲ. ವರ್ಷಾನುಗಟ್ಟಲೆ ಪಾತ್ರೆ ಉಜ್ಜಿ, ಕಳೆ ಕಿತ್ತು ಗೆರೆಗಳೇ ಸವೆದಿದ್ದವು. ‘ತಲೆಗೆ ಉಜ್ಜಿ ಇಡಮ್ಮ’ ಎಂದ ಆಪರೇಟರ್. ಅವಳು ಕೂದಲಿಗೆ ಉಜ್ಜಿ ಮತ್ತೆ ಇಟ್ಟಳು. ಸ್ವಂತ ಇಷ್ಟದಿಂದ ಬರೆದುಕೊಡ್ತಿದ್ದೀರಾ ಎಂದು ಅಧಿಕಾರಿ ಕೇಳಿದರು, ಮೂವರೂ ಹೌದೆಂದರು. ಆಚೆ ಬಂದ ಮೇಲೆ ಯಾಕಮ್ಮ ಬಿಟ್ಟುಕೊಟ್ರಿ ಎಂದು ಕೇಳಿದೆ. ಕಿರಿಯವಳು ಹೇಳಿದಳು: ‘ಪಾಲು ಕೇಳಿದ್ರೆ ತವರು ತಪ್ಪಿಹೋಗುತ್ತೆ ಅಕ್ಕ. ಹಬ್ಬಕ್ಕೆ ಕರೀತಾರೆ, ಕಷ್ಟಕ್ಕೆ ಆಗ್ತಾರೆ.’

ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದು 1994ರಲ್ಲಿ, ದೇಶಕ್ಕಿಂತ ಹನ್ನೊಂದು ವರ್ಷ ಮೊದಲು. 2005ರಿಂದ ಮದುವೆಯಾದವರಿಗೂ ಉಂಟು. ಕಾಗದದಲ್ಲಿ ಬಂದ ಹಕ್ಕು ಕಾಗದದಲ್ಲೇ ವಾಪಸ್ ಹೋಗುತ್ತಿದೆ. ಕಷ್ಟಕ್ಕೆ ಆಗ್ತಾರೆ ಎಂದು ನಂಬಿ ಅವಳು ಪಾಲು ಬಿಡುತ್ತಾಳೆ. ಪಾಲು ಬಿಟ್ಟ ಕಾರಣಕ್ಕೇ ಕಷ್ಟದ ದಿನ ಆ ಮನೆಯಲ್ಲಿ ನಿಲ್ಲಲು ಅವಳಿಗೆ ನೆಲೆಯಿಲ್ಲ. ಅಣ್ಣ ಒಳ್ಳೆಯವನಾದರೆ ಸರಿ, ಅತ್ತಿಗೆ ಒಳ್ಳೆಯವಳಾದರೆ ಸರಿ.

ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯ ಸುಮಾರು 500 ವಿವಾಹಿತೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ವಂತ ಹೆಸರಿನಲ್ಲಿ ಮನೆಯಾಗಲಿ ಜಮೀನಾಗಲಿ ಇಲ್ಲದ ಹೆಂಗಸರಲ್ಲಿ ಶೇ 49ರಷ್ಟು ಮಂದಿ ದೀರ್ಘಕಾಲದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ಇದ್ದವರಲ್ಲಿ ಶೇ 7. ಓದು, ಉದ್ಯೋಗ, ಗಂಡನ ಆದಾಯ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆಸ್ತಿಯ ಪ್ರಭಾವ ಹಾಗೇ ಉಳಿಯಿತು. ಹೆಣ್ಣುಮಕ್ಕಳನ್ನು ಓದಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡ ನಮ್ಮಂಥವರು ಇದನ್ನು ನಿಧಾನವಾಗಿ ಓದಬೇಕು. ಹೋಗಲು ಒಂದು ಜಾಗ ಇದೆ ಎಂದು ಅವಳಿಗೆ ಗೊತ್ತಿರುವುದು ಒಂದು. ಗಂಡನಿಗೂ ಗೊತ್ತಿರುವುದು ಇನ್ನೊಂದು.

ಜಮೀನೇ ಇಲ್ಲದವರ ಮಾತು ಬೇರೆ. ಪೀಣ್ಯದ ಶೀಟಿನ ಮನೆಯಲ್ಲಿದ್ದು ಗಾರ್ಮೆಂಟ್ಸಿಗೆ ಹೋಗುವವಳ ತವರು ಅಂದರೆ ಊರಲ್ಲಿ ಇನ್ನೊಂದು ಶೀಟಿನ ಮನೆ, ಕೂಲಿಗೆ ಹೋಗುವ ಅಪ್ಪ ಅಮ್ಮ. ಅಲ್ಲಿ ಪಂಚಾಯಿತಿಗಿಂತ ಮುಂಚೆ ಅನ್ನದ ಪ್ರಶ್ನೆ ಏಳುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬಸ್‌ಚಾರ್ಜು ಇಲ್ಲದೆ ಹೊಡೆತ ತಿಂದು ಕೂತವಳಿಗೆ ಇದು ಎಂಥ ದೊಡ್ಡ ವಿಷಯ ಎಂದು ಟೀಕಿಸುವವರಿಗೆ ತಿಳಿಯದು. ಗೃಹಲಕ್ಷ್ಮಿಯ ಎರಡು ಸಾವಿರವೂ ಹಾಗೇ, ಆದರೆ ಅದು ಪಡಿತರ ಚೀಟಿಯಲ್ಲಿರುವ ಯಜಮಾನಿಗೆ. ಕೂಡುಕುಟುಂಬದಲ್ಲಿ ಆ ಯಜಮಾನಿ ಹೆಚ್ಚಾಗಿ ಅತ್ತೆ.

ಕಾನೂನು ಎಲ್ಲಿಯ ತನಕ ಬರುತ್ತದೆ

ಕೌಟುಂಬಿಕ ಹಿಂಸೆ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದನ್ನು ಬರೆದವರಿಗೆ ಈ ಜಾಗದ ಪ್ರಶ್ನೆ ಚೆನ್ನಾಗಿ ಗೊತ್ತಿತ್ತು. ಗಂಡನ ಮನೆ ಅವಳ ಹೆಸರಿನಲ್ಲಿ ಇರಲಿ ಬಿಡಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ ಎಂದು ಅದು ಹೇಳುತ್ತದೆ. ಮನೆ ಅತ್ತೆಯ ಹೆಸರಲ್ಲಿದ್ದರೆ ಈ ಹಕ್ಕಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಕಿರಿದು ಮಾಡಿತ್ತು, 2020ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಅದನ್ನು ತಿದ್ದಿತು. ಈ ಕಾಯ್ದೆಯಡಿ ಠಾಣೆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜನರ ಬಾಯಲ್ಲಿ ಸಿಡಿಪಿಒ. ಅವರ ಹತ್ತಿರ ಹೇಳಿದರೆ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅವಳೇ ಹೋಗಬೇಕೆಂದೂ ಇಲ್ಲ. ಅಪ್ಪ, ಪಕ್ಕದ ಮನೆಯವರು, ಟೀಚರು, ಹಿಂಸೆ ನಡೆಯುತ್ತಿದೆ ಎಂದು ಗೊತ್ತಿರುವ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಅದೇ ಅಧಿಕಾರಿಯ ತಲೆ ಮೇಲೆ ತಾಲ್ಲೂಕಿನ ಅಷ್ಟೂ ಅಂಗನವಾಡಿಗಳ ಮೊಟ್ಟೆ, ಹಾಲಿನಪುಡಿ, ತೂಕದ ಲೆಕ್ಕವೂ ಇದೆ ಎನ್ನುವುದು ಇನ್ನೊಂದು ಮಾತು.

ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿದರೆ ಜಿಲ್ಲೆಯ ಸಖಿ ಕೇಂದ್ರಕ್ಕೆ ದಾರಿ ತೋರಿಸುತ್ತಾರೆ. ಅಲ್ಲಿ ವೈದ್ಯಕೀಯ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ ಸಿಗುತ್ತದೆ, ಐದು ದಿನದವರೆಗೆ ಉಳಿಯಲೂಬಹುದು. ಆರನೇ ದಿನಕ್ಕೆ ಪುನರ್ವಸತಿ ಕೇಂದ್ರ, ಇಲ್ಲವೇ ಸುತ್ತಿಬಳಸಿ ಮತ್ತೆ ಆ ತವರಿನ ಬಾಗಿಲು. ಎಷ್ಟೇ ಒಳ್ಳೆಯ ಕಾನೂನಾದರೂ ಹೆತ್ತವರ ಮನೆಯ ಕೆಲಸವನ್ನು ತಾನೇ ಮಾಡಲಾರದು.

ಟಿಸಿ

ನಮ್ಮೂರಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಒಬ್ಬರಿದ್ದಾರೆ. ಹೆಸರು ಬೇಡ. ಅವರ ಮಗಳು ಎರಡು ಮಕ್ಕಳೊಂದಿಗೆ ಒಂದು ರಾತ್ರಿ ಬಂದಳು. ಅಳಿಯನ ಕಡೆಯಿಂದ ಫೋನು ಬಂತು, ಹಿರಿಯರನ್ನು ಕರೆದುಕೊಂಡು ಬರ್ತೀವಿ ಕೂತು ಮಾತಾಡೋಣ ಎಂದು. ಇವರು ಬನ್ನಿ ಎನ್ನಲಿಲ್ಲ. ಮೊದಲು ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯವನ್ನು ದಾಖಲು ಮಾಡಿಸಿದರು. ಆಮೇಲೆ ಮೊಮ್ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದರು. ಅಲ್ಲಿನ ಶಾಲೆಯವರು, ಮಕ್ಕಳ ತಂದೆ ಬರಬೇಕು, ಇಲ್ಲದಿದ್ದರೆ ಟಿಸಿ ಕೊಡಲ್ಲ ಎಂದಿದ್ದರಂತೆ. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ ಎಂದು ಇಲ್ಲಿಯ ಮುಖ್ಯೋಪಾಧ್ಯಾಯಿನಿ ಹೇಳಿ ಸೇರಿಸಿಕೊಂಡರು. ಹಿಂಸೆ ನೋಡಿ ಬೆಳೆದ ಮಕ್ಕಳಿಗೆ ಸೋಮವಾರ ಯೂನಿಫಾರ್ಮು ಹಾಕಿಕೊಂಡು ಹೋಗಲು ಒಂದು ಶಾಲೆ ಇತ್ತು. ಅಂಗಡಿಗೆ ಬಂದವರು ಏನ್ ಸ್ವಾಮಿ, ಮಗಳು ಬಂದವ್ಳೆ, ಯಾವಾಗ ಹೋಗೋದು ಎಂದರೆ, ಇಲ್ಲೇ ಇರ್ತಾಳೆ ಎಂದು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು. ನಾನೇ ಕೇಳಿಸಿಕೊಂಡಿದ್ದೇನೆ.

ಕೇಸು ಇನ್ನೂ ನಡೆಯುತ್ತಿದೆ. ಅರ್ಜಿಯನ್ನು ಅರವತ್ತು ದಿನದಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಅರವತ್ತು ದಿನ ಕಳೆದು ಬಹಳ ಕಾಲವಾಯಿತು. ಈ ನಡುವೆ ಅವರು ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಸಿದರು. ಮಗನಿಗೆ ಸಿಟ್ಟು ಬಂತು, ಬೆಂಗಳೂರಿನಿಂದ ಬರುವುದನ್ನೇ ನಿಲ್ಲಿಸಿದ. ಮನೆಯಲ್ಲಿ ಜಗಳವಾಯಿತು, ಅವರ ಹೆಂಡತಿ ಮಗನ ಪರ ವಹಿಸಿದರು. ಈ ಸಲ ಗೌರಿ ಹಬ್ಬಕ್ಕೆ ಅವನು ಬಂದಿದ್ದ, ತಂಗಿಗೆ ಬಾಗಿನದ ಸೀರೆಯನ್ನೂ ತಂದಿದ್ದ. ಅವಳು ಮೇಲಿನ ಕೋಣೆಯಿಂದ ಇಳಿದು ಬಂದು ತೆಗೆದುಕೊಂಡಳು.